ಮೂರು ಸುತ್ತಿನ ನೊಣ

ಮಾದರಿ ನೊಣ ಅಂಚೆಯಲ್ಲಿ ಬಂದ ದಿನ, ಅದು ಸವೆದುಹೋಗಿದೆ ಎಂದು ಮೊದಲು ಹೇಳಿದವಳು ನಾನೇ. ಅದನ್ನು ಇಲ್ಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ನನಗೆ ಸಲೀಸು.

ಗಂಗಾನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ, ಎರಡನೇ ಮಹಡಿಯಲ್ಲಿ ನಮ್ಮ ಕೆಲಸದ ಕೋಣೆ. ಮದುವೆ ಬ್ಲೌಸುಗಳಿಗೆ ಮಣಿ, ಜರಿ, ಆರಿ ಕಸೂತಿ ಹಾಕುವುದು ನಮ್ಮ ಮೂಲ ಕಸುಬು. ಮೇಜಿಗೆ ಆರು ಜನ ಹೆಂಗಸರು. ನಾನು ಚೆಕಿಂಗ್. ಗದಗಿನ ಕಡೆಯಿಂದ ಬಂದು ಮತ್ತಿಕೆರೆಯಲ್ಲಿ ಬಾಡಿಗೆಗಿರುವ ನನಗೆ ಈ ಊರಿನಲ್ಲಿ ಇರುವ ಒಂದೇ ಅಧಿಕಾರವೆಂದರೆ ನನ್ನ ಹಸಿರು ಪೆನ್ನಿನ ಟಿಕ್. ಅದು ಬೀಳದೆ ಒಂದು ಪೀಸೂ ಮೆಟ್ಟಿಲು ಇಳಿಯುವಂತಿಲ್ಲ. ಆ ಅಧಿಕಾರವನ್ನು ನಾನು ಸ್ವಲ್ಪ ಜೋರಾಗಿಯೇ ಚಲಾಯಿಸುತ್ತಿದ್ದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ.

ಕಂಪ್ಯೂಟರ್ ಕಸೂತಿ ಯಂತ್ರಗಳು ಆರ್‌.ಟಿ. ನಗರದ ಗಲ್ಲಿಗಲ್ಲಿಗೂ ಬಂದ ಮೇಲೆ ಬ್ಲೌಸುಗಳು ಕಡಿಮೆಯಾದವು. ಆಗ ನಮ್ಮ ಮಾಲಕಿ ಎಲ್ಲಿಂದಲೋ ಒಂದು ವಿಚಿತ್ರ ಆರ್ಡರ್ ಹಿಡಿದು ತಂದರು. ಹಿಮಾಚಲದ ಒಂದು ಬೆಟ್ಟದ ನದಿಯ ದಂಡೆಯಲ್ಲಿ ಕ್ಯಾಂಪ್ ಇದೆ. ಅಲ್ಲಿ ಪ್ರವಾಸಿಗಳು ಟ್ರೌಟ್ ಎಂಬ ಮೀನು ಹಿಡಿಯುತ್ತಾರೆ. ಆ ಮೀನಿಗೆ ಎರೆಹುಳು ಬೇಡ, ಹಿಟ್ಟಿನುಂಡೆ ಬೇಡ. ನೀರಿನ ಮೇಲೆ ಕೂತ ನೊಣವನ್ನು ಅದು ಮೇಲೆದ್ದು ಬಂದು ನುಂಗುತ್ತದೆ. ಹಾಗಾಗಿ ಅಕ್ಕಿಕಾಳಿನಷ್ಟುದ್ದದ ಕೊಕ್ಕೆಗೆ ಗರಿ, ಉಣ್ಣೆ, ದಾರ ಸುತ್ತಿ ಹುಸಿ ನೊಣ ಕಟ್ಟಬೇಕು. ಸಾವಿರದಿನ್ನೂರು ನೊಣ. ಚೆನ್ನಾಗಿ ಮಾಡಿಕೊಟ್ಟರೆ ಪ್ರತಿ ಹಂಗಾಮಿಗೂ ನಮಗೇ.

"ಸೂಜಿ ಹಿಡಿಯೋ ಕೈಗೆ ಇದೇನ್ ಮಹಾ ಕಣ್ರೇ?" ಎಂದರು ಮಾಲಕಿ. "ಇದು ಕೈ ಹಿಡೀತು ಅಂದ್ರೆ ಮೇಜು ಉಳಿಯುತ್ತೆ. ಇಲ್ಲಾಂದ್ರೆ ನಾನೇನೂ ಮಾಡಕ್ಕಾಗಲ್ಲ, ಈಗ್ಲೇ ಹೇಳ್ಬಿಡ್ತೀನಿ."

ಕ್ಯಾಂಪಿನವರು ಕೊಕ್ಕೆ, ಹುಂಜದ ಕತ್ತಿನ ಗರಿ, ಬೂದು ಉಣ್ಣೆ ಎಲ್ಲ ಕಳಿಸಿದ್ದರು. ಜೊತೆಗೆ ಒಂದು ರಟ್ಟಿನ ತುಂಡಿಗೆ ಚುಚ್ಚಿದ ಒಂದೇ ಒಂದು ಮಾದರಿ. ನಾನು ಅದನ್ನು ಭೂತಗನ್ನಡಿಯ ಕೆಳಗಿಟ್ಟೆ. ಬಾಲದಲ್ಲಿ ನಾಲ್ಕೆಳೆ, ತೆಳ್ಳಗಿನ ಬೂದು ಮೈ, ಕುತ್ತಿಗೆಗೆ ಸುತ್ತಿದ ಗರಿ. ಆ ಗರಿ ಅಲ್ಲೊಂದು ಇಲ್ಲೊಂದು ಎಳೆಯಾಗಿ ನಿಂತಿತ್ತು, ಒಂದು ಕಡೆಗೆ ಬಾಗಿಯೂ ಇತ್ತು. ನಡುವೆ ಕೊಕ್ಕೆಯ ಕಬ್ಬಿಣ ಕಾಣುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಗಿರಾಕಿ ತನ್ನ ಅಮ್ಮನ ಮದುವೆಯ ಹಳೇ ಬ್ಲೌಸನ್ನು ತಂದು "ಇದೇ ಥರ ಬೇಕು" ಅನ್ನುತ್ತಾಳೆ. ಅದರಲ್ಲಿ ಅರ್ಧ ಮಣಿ ಉದುರಿರುತ್ತದೆ, ಜರಿ ಕಿತ್ತಿರುತ್ತದೆ. ನಾವು ಇದ್ದದ್ದನ್ನು ಇದ್ದ ಹಾಗೆ ಹೊಲಿದುಕೊಟ್ಟರೆ ಮುಖದ ಮೇಲೆ ಎಸೆಯುತ್ತಾಳೆ. ಹೊಸದಿದ್ದಾಗ ಅದು ಹೇಗಿತ್ತು ಎಂದು ಊಹಿಸಿ ತುಂಬುವುದೇ ನಮ್ಮ ಜಾಣತನ. ಉದುರಿದ್ದನ್ನು ತುಂಬಬಲ್ಲವಳಿಗೆ ನಮ್ಮಲ್ಲಿ ಮರ್ಯಾದೆ.

ಅದೇ ಜಾಣತನವನ್ನು ನಾನು ನೊಣಕ್ಕೂ ತೋರಿಸಿದೆ. "ಯಾರೋ ಮೀನಿಗೆ ಹಾಕಿ ತಗದಿದ್ದು ಇದು. ನೀರಿನಾಗ ಗರಿ ಉದುರ್ಯಾವ" ಎಂದು ತೀರ್ಪು ಕೊಟ್ಟೆ. ಕಬ್ಬಿಣ ಮುಚ್ಚಬೇಕಾದರೆ ಏಳು ಸುತ್ತು ಬೇಕು ಎಂದು ಲೆಕ್ಕ ಹಾಕಿದೆ. ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ನೊಣದ ಚಿತ್ರ ಬರೆದು, ಬಾಣದ ಗುರುತು ಹಾಕಿ, "ಗರಿ: ೭ ಸುತ್ತು" ಎಂದು ಬರೆದು ಗೋಡೆಗೆ ಅಂಟಿಸಿದೆ.

ಚಿತ್ರ ಗೋಡೆ ಹತ್ತುವ ಹೊತ್ತಿಗೆ ಎರಡು ದಿನ ಆಗಿತ್ತು. ಆ ಎರಡು ದಿನ ಎಲ್ಲರೂ ಕೊಕ್ಕೆಯನ್ನು ಪುಟ್ಟ ಇಕ್ಕಳಕ್ಕೆ ಸಿಕ್ಕಿಸುವುದು, ದಾರ ಜಾರದಂತೆ ಬಿಗಿಯುವುದು ಕಲಿಯುತ್ತಿದ್ದರೆ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು ಆಗಲೇ ನಲವತ್ತು ನೊಣ ಕಟ್ಟಿ ಮುಗಿಸಿದ್ದರು. ಖಾಲಾ ಆರ್‌.ಟಿ. ನಗರದವರು, ಜರ್ದೋಸಿ ಜರಿಕಸೂತಿಯಲ್ಲಿ ನಲವತ್ತು ವರ್ಷ ಪಳಗಿದ ಕೈ. ಹಿಂದಿನ ವರ್ಷವಷ್ಟೇ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಅವರ ನೊಣಗಳನ್ನು ಎತ್ತಿ ನೋಡಿದರೆ ಎಲ್ಲದರಲ್ಲೂ ಗರಿ ಬೋಳು ಬೋಳು. ಎಣಿಸಿದೆ. ಮೂರೇ ಸುತ್ತು.

"ಏನ್ರಿ ಖಾಲಾ ಇದು, ಅರ್ಧಮರ್ಧ?"

"ಸ್ಯಾಂಪಲ್‌ನಲ್ಲಿ ಮೂರೇ ಐತಲ್ಲ ಬೇಟಾ. ನಾನ್ ಎಣಿಸ್ದೆ."

"ಅದು ಉದುರಿದ್ದು. ಕಬ್ಬಿಣ ಕಾಣಾಕತ್ತೈತಿ, ಕಣ್ಣ ಕಾಣಂಗಿಲ್ಲೇನು ನಿಮಗ?"

ನನ್ನ ಗಂಟಲು ಮೊದಲೇ ದೊಡ್ಡದು. ಕೆಳಗೆ ಗಿರಣಿ ಬೇರೆ ಓಡುತ್ತಿತ್ತು, ಅದರ ಮೇಲೆ ಕೇಳಲಿ ಎಂದು ಇನ್ನೂ ಏರಿಸಿದ್ದೆ. ಮೇಜಿನ ಐದೂ ಜನ ತಲೆ ಎತ್ತಿ ನೋಡಿದರು. ಖಾಲಾ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಾನು ಆ ನಲವತ್ತನ್ನೂ ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿದು ಮೇಲೆ "ರಿಜೆಕ್ಟ್" ಎಂದು ಬರೆದೆ. ಮಾಲಕಿಗೆ ವಿಷಯ ತಿಳಿದು, "ಪಾಪ, ವಯಸ್ಸಾಯ್ತು. ಪ್ಯಾಕಿಂಗಿಗೆ ಹಾಕು. ಈ ಆರ್ಡರ್ ಮುಗೀಲಿ, ಆಮೇಲೆ ಏನಾದ್ರೂ ಹೇಳಿ ಮನೇಲಿರಿ ಅಂತ ಕಳಿಸೋಣ" ಎಂದರು. ಮರುದಿನದಿಂದ ಖಾಲಾ ಮೂಲೆಯ ಸ್ಟೂಲಿನ ಮೇಲೆ ಕೂತು, ಬೇರೆಯವರು ಕಟ್ಟಿದ ನೊಣಗಳನ್ನು ಥರ್ಮೋಕೋಲಿಗೆ ಸಾಲಾಗಿ ಚುಚ್ಚತೊಡಗಿದರು.

ಉಳಿದ ಐವರ ಕೈ ಕುದುರಿತು. ಬಾಲಕ್ಕೆ ನಾಲ್ಕೆಳೆ, ಉಣ್ಣೆಯನ್ನು ದಾರಕ್ಕೆ ಹೊಸೆದು ಮೈ, ಗರಿಯ ಬುಡ ಕಟ್ಟಿ ಏಳು ಸುತ್ತು, ಗಂಟು, ಗಂಟಿನ ಮೇಲೆ ಒಂದು ಹನಿ ವಾರ್ನಿಷು. ಏನು ಅಂದ ಅಂತೀರಿ! ದುಂಡಗೆ, ತುಂಬಿಕೊಂಡು, ಮದುಮಗಳ ಜಡೆಬಿಲ್ಲೆಯ ಹಾಗೆ ಕೂತಿದ್ದವು. ಮುನ್ನೂರಕ್ಕೆ ಹಸಿರು ಟಿಕ್ ಹಾಕಿ ಮೊದಲ ಕಂತು ಕಳಿಸಿದೆವು.

ಮಾರ್ಚಿನಲ್ಲಿ ಅಲ್ಲಿ ಹಂಗಾಮು ಶುರುವಾಯಿತು. ವಾರದೊಳಗೆ ಕ್ಯಾಂಪಿನ ಗೈಡ್ ಧ್ವನಿಸಂದೇಶ ಕಳಿಸಿದ. ಮೀನು ಮೇಲೆ ಬರುತ್ತಿದೆ, ನೋಡುತ್ತಿದೆ, ಬಾಯಿ ಹಾಕದೆ ತಿರುಗಿ ಹೋಗುತ್ತಿದೆ.

"ಮೀನಿಗೂ ಭಾರಿ ಸೊಕ್ಕು ನೋಡ್ರಿ" ಎಂದೆ ನಾನು. ಆದರೆ ಒಳಗೆ ಅಳುಕಿತ್ತು. ನೀಲಿ ಟಬ್ಬಿಗೆ ನೀರು ತುಂಬಿ, ಟೇಬಲ್ ಫ್ಯಾನ್ ಹಚ್ಚಿ ಅಲೆ ಎಬ್ಬಿಸಿ, ಹತ್ತು ನೊಣ ಬಿಟ್ಟೆವು. ಹತ್ತೂ ನೀರಿನ ಮೇಲೆ ಎದೆಯುಬ್ಬಿಸಿ ನಿಂತವು. ಒಂದು ಗಂಟೆ ಕಾದರೂ ಒಂದೂ ಮುಳುಗಲಿಲ್ಲ. ಹಾಗಾದರೆ ವಾರ್ನಿಷಿನ ವಾಸನೆ ಇರಬೇಕು ಎಂದು ಬೇರೆ ವಾರ್ನಿಷು ತಂದೆವು. ಉಣ್ಣೆಯ ಬಣ್ಣ ಹೆಚ್ಚು ಕಡುವಾಯಿತೇನೋ ಎಂದು ತಿಳಿಬೂದು ಹಾಕಿದೆವು. ಎರಡನೇ ಕಂತು ಇನ್ನೂರು ಹೋಯಿತು. ಬಂದ ಉತ್ತರ ಅದೇ. ಜೊತೆಗೆ, ಮೂರು ವಾರದೊಳಗೆ ಸರಿಯಾದದ್ದು ಬರದಿದ್ದರೆ ಬೇರೆ ಕಡೆ ಕೊಡುತ್ತೇವೆ ಎಂಬ ಮಾತು.

ಮಾಲಕಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. "ಆಯ್ತು ಬಿಡ್ರೇ. ಇಷ್ಟೇ ನಮ್ಮ ಹಣೇಬರಹ."

"ನಾ ಹೋಗಿ ನೋಡಿ ಬರ್ತೇನ್ರಿ" ಎಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

"ಎಲ್ಲಿಗೆ?"

"ನದಿಗೆ. ಮೀನ ಯಾಕ ಒಲ್ಲೆ ಅಂತೈತಿ ಅಂತ ಇಲ್ಲಿ ಕುಂತು ಹೆಂಗ ಗೊತ್ತಾಗ್ತದ?"

ಮೇಜಿಗೆ ಮೇಜೇ ನಕ್ಕಿತು. ಕೆಳಗಿನ ಬೀದಿಯಲ್ಲಿ ಮೀನಿನ ಗಾಡಿ ಬಂದರೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕುವವಳು ನಾನು. "ಮೀನಿನ ಹತ್ರ ಕನ್ನಡದಲ್ಲಿ ಮಾತಾಡ್ತೀಯೇನೇ?" ಎಂದು ಒಬ್ಬಳು ಕೇಳಿದಳು. ಮಾಲಕಿ ಮಾತ್ರ ನಗದೆ ಯೋಚಿಸಿದರು. ಕೊನೆಗೆ ಒಪ್ಪಿ, "ಆ ರಿಜೆಕ್ಟ್ ಡಬ್ಬೀನೂ ತಗೊಂಡ್ಹೋಗು. ನಾವ್ ಎಷ್ಟು ಸ್ಟ್ರಿಕ್ಟಾಗಿ ಚೆಕ್ ಮಾಡ್ತೀವಿ ಅಂತ ಅವ್ರಿಗೆ ತೋರ್ಸು" ಎಂದರು. ಹೊರಡುವ ದಿನ ಮೆಟ್ಟಿಲಿಳಿಯುವಾಗ ಖಾಲಾ ಹಿಂದಿನಿಂದ ಕರೆದು ಒಂದು ಉಣ್ಣೆಯ ಶಾಲು ಕೈಗಿಟ್ಟರು. "ಅಲ್ಲಿ ಚಳಿ ಜಾಸ್ತಿ ಬೇಟಾ. ನಿನ್ ಸ್ವೆಟರ್ ಸಾಕಾಗಲ್ಲ."

ಯಶವಂತಪುರದಲ್ಲಿ ರೈಲು ಹತ್ತಿ, ಆಮೇಲೆ ಬಸ್ಸು, ಆಮೇಲೆ ಜೀಪು. ಮೂರನೇ ದಿನ ಮಧ್ಯಾಹ್ನ ನದಿಯ ಮುಂದೆ ನಿಂತೆ. ನಾನು ಕಂಡ ನದಿಗಳೆಲ್ಲ ಮಣ್ಣಿನ ಬಣ್ಣದವು. ಇದರ ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು, ಸದ್ದು ಮಾತ್ರ ನಮ್ಮ ಗಿರಣಿಯನ್ನು ಮೀರಿಸುವಂತಿತ್ತು. ಗೈಡ್ ಅಲ್ಲಿಯವನೇ, ಮೂವತ್ತರ ಆಸುಪಾಸಿನ ಮಿತಭಾಷಿ. ಅವನ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವನ ಕೈಗಳು ಹೇಳುತ್ತಿದ್ದವು. ಇಲ್ಲಿ ಅವನ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಅವನು ತೊಡೆಯವರೆಗಿನ ರಬ್ಬರ್ ಬೂಟು ಹಾಕಿ ನೀರಿಗಿಳಿದ, ನನ್ನನ್ನು ದಂಡೆಯ ಬಂಡೆಯ ಮೇಲೆ ಕೂರಿಸಿದ. ನೊಣಕ್ಕೆ ತೂಕವಿಲ್ಲವಾದ್ದರಿಂದ ಅದನ್ನು ಎಸೆಯಲಾಗದು. ತೂಕವಿರುವುದು ದಪ್ಪನೆಯ ಹಳದಿ ದಾರಕ್ಕೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೇರವಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ. ದಾರದ ತುದಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆ, ಅದರ ತುದಿಗೆ ನಮ್ಮ ಏಳು ಸುತ್ತಿನ ನೊಣ. ಬಂಡೆಯೊಂದರ ಪಕ್ಕ, ನೀರು ನಿಧಾನವಾಗುವ ಜಾಗದಲ್ಲಿ ಅದು ಮೆತ್ತಗೆ ಇಳಿದು ತೇಲಿತು. ತಳದಿಂದ ಒಂದು ನೆರಳು ಎದ್ದು ಬಂತು. ಆ ನೆರಳು ನೊಣದ ಕೆಳಗೇ ಒಂದು ಗೇಣು ದೂರ ಹಿಂಬಾಲಿಸಿ, ಮೂಗು ತಾಗಿಸುವಷ್ಟು ಹತ್ತಿರ ಬಂದು, ಸರಕ್ಕನೆ ತಿರುಗಿ ಹೋಯಿತು.

"ನೋಡಿದಿರಾ?" ಎಂದ ಗೈಡ್.

ಸಂಜೆಯೊಳಗೆ ಹನ್ನೊಂದು ಸಲ ನೋಡಿದೆ. ಹನ್ನೊಂದು ಸಲವೂ ಬಂದು, ನೋಡಿ, ಬೇಡ ಎಂದು ಹೋದವು. ನನ್ನ ಟಿಕ್ ಬಿದ್ದ ಮಾಲನ್ನು ಹೀಗೆ ಮುಖಕ್ಕೆ ಹೊಡೆದಂತೆ ವಾಪಸು ಮಾಡಿದವರು ಈವರೆಗೆ ಯಾರೂ ಇರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು.

ಮರುದಿನ ಬೆಳಿಗ್ಗೆ ಗೈಡ್ ನೀರಿನ ಮೇಲಿಂದ ಒಂದು ನಿಜವಾದ ನೊಣವನ್ನು ಅಂಗೈಯಲ್ಲಿ ಎತ್ತಿ ತಂದ. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಅದನ್ನು ಬಿಟ್ಟ. ಇನ್ನೊಂದು ಲೋಟದಲ್ಲಿ ನಮ್ಮ ನೊಣ. ನಾನು ಟಬ್ಬನ್ನು ನೋಡಿದ ಹಾಗೆ ಬಗ್ಗಿ ಮೇಲಿನಿಂದ ನೋಡಹೋದೆ. ಅವನು ತಲೆಯಾಡಿಸಿ, ಎರಡೂ ಲೋಟಗಳನ್ನು ನನ್ನ ತಲೆಯ ಮೇಲಕ್ಕೆ ಎತ್ತಿ ಹಿಡಿದ. "ಮೀನು ಇಲ್ಲಿಂದ ನೋಡುತ್ತದೆ."

ಕೆಳಗಿನಿಂದ ನೋಡಿದೆ. ನಿಜವಾದ ನೊಣದ ಆರು ಕಾಲುಗಳು ನೀರಿನ ಪೊರೆಯಲ್ಲಿ ಆರು ಚಿಕ್ಕ ಕುಳಿಗಳನ್ನು ಮಾಡಿದ್ದವು. ನಡುವೆ ತೆಳು ಮೈ, ಸುತ್ತ ಬೆಳಕು. ನಮ್ಮದು ಬೆಳಕನ್ನೇ ಮುಚ್ಚಿಕೊಂಡು, ಪಾತ್ರೆ ತಿಕ್ಕುವ ಬ್ರಷ್ಷಿನ ಹಾಗೆ ಕೂತಿತ್ತು.

"ಗರಿ ಹೆಚ್ಚಾಯಿತು. ನಾನು ಕಳಿಸಿದ ಮಾದರಿಯ ಹಾಗೆ ಯಾಕೆ ಮಾಡಲಿಲ್ಲ?" ಎಂದು ಕೇಳಿದ.

"ಅದು ಹಳೇದಲ್ವಾ? ಮೀನಿಗೆ ಹಾಕಿ ಸವೆದದ್ದು?"

"ಹಳೆಯದಾ? ಅಂಚೆಗೆ ಹಾಕುವ ಬೆಳಿಗ್ಗೆ ನಾನೇ ಕಟ್ಟಿದ್ದು. ನೀರು ಕೂಡ ಮುಟ್ಟಿರಲಿಲ್ಲ. ಮೂರು ಸುತ್ತು, ಅಷ್ಟೇ. ಗರಿ ಬಾಗಿದ್ದರೆ ಅಂಚೆಯಲ್ಲಿ ಬಾಗಿರಬೇಕು."

"ನಾನ್ ಎಣಿಸ್ದೆ" ಎಂದು ಯಾರೋ ಕಿವಿಯಲ್ಲಿ ಅಂದಂತಾಯಿತು ಎಂದೆಲ್ಲ ಬರೆಯುವುದಿಲ್ಲ. ಹೆಗಲ ಮೇಲೆ ಖಾಲಾ ಕೊಟ್ಟ ಶಾಲಿತ್ತು. ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು, "ರಿಜೆಕ್ಟ್" ಎಂದು ನಾನೇ ಬರೆದಿದ್ದ ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದೆ. ಅವನು ಒಂದನ್ನು ಎತ್ತಿ ಆಕಾಶಕ್ಕೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನು ಯಾರು ಕಟ್ಟಿದ್ದು?"

"ನಮ್ಮ ಖಾಲಾ."

"ಮತ್ತೆ ಇದನ್ನು ಯಾಕೆ ಕಳಿಸಲಿಲ್ಲ?"

ಮುಚ್ಚಳದ ಮೇಲಿನ ನನ್ನ ಬರಹದ ಮೇಲೆ ಬೆರಳಿಟ್ಟು ತೋರಿಸಿದೆ.

ಈ ಸಲ ನನ್ನನ್ನೂ ಬೂಟು ಹಾಕಿಸಿ ನೀರಿಗಿಳಿಸಿದ. ನೀರಿನ ತಣುಪು ರಬ್ಬರನ್ನು ದಾಟಿ ಎಲುಬಿಗೆ ಬಂತು. ಕೋಲನ್ನು ಬೀಸಲು ನಾಲ್ಕು ಸಲ ಯತ್ನಿಸಿದೆ. ದಾರ ಹಿಂದೆ ನೇರವಾಗುವವರೆಗೆ ತಾಳ್ಮೆ ಇಲ್ಲದೆ ಮುಂದಕ್ಕೆ ಎಳೆದು, ಎರಡು ಸಲ ನನ್ನ ಶಾಲಿಗೇ ಕೊಕ್ಕೆ ಸಿಕ್ಕಿಸಿಕೊಂಡೆ. "ಕಾಯಿರಿ, ದಾರ ಮಾತಾಡಲಿ, ಆಮೇಲೆ ನೀವು" ಎಂದ ಗೈಡ್. ಐದನೇ ಸಲ ಕಾದೆ. ನೊಣ ಬಂಡೆಯ ಪಕ್ಕ ಇಳಿಯಿತು, ಮೇಲೆ ನಿಲ್ಲದೆ ನೀರಿನ ಪೊರೆಗೇ ಅಂಟಿ ತೇಲಿತು. ನೆರಳು ಎದ್ದಿತು. ಹಿಂಬಾಲಿಸಲಿಲ್ಲ, ಮೂಸಲಿಲ್ಲ. ಗುಳಕ್ ಎಂದಿತು, ಅಷ್ಟೇ.

"ಎತ್ತಿ!"

ಎತ್ತಿದೆ. ಕೋಲು ಬಾಗಿತು, ಕೈಯೊಳಗೆ ಜೀವ ಜಗ್ಗಿತು. ನಾನು "ಅಯ್ಯಯ್ಯೋ ಯವ್ವಾ" ಎಂದು ಕೂಗಿದ್ದು ಆ ಕಣಿವೆಗೆಲ್ಲ ಕೇಳಿರಬೇಕು. ಗೈಡ್ ಬಲೆಯಲ್ಲಿ ಎತ್ತಿ, ಕೈ ಒದ್ದೆ ಮಾಡಿಕೊಂಡು ಹಿಡಿದು ತೋರಿಸಿದ. ಗೇಣುದ್ದದ ಕಂದು ಮೀನು, ಮೈಮೇಲೆ ಕೆಂಪು ಚುಕ್ಕೆಗಳು, ಒಂದೊಂದು ಚುಕ್ಕೆಯ ಸುತ್ತಲೂ ತಿಳಿ ಬಣ್ಣದ ಉಂಗುರ. ಬಾಯಿಯ ಮೂಲೆಯಲ್ಲಿ ಖಾಲಾ ಕಟ್ಟಿದ ನೊಣ. ಕೊಕ್ಕೆ ಬಿಡಿಸಿ, ಮೀನನ್ನು ಹರಿವಿಗೆ ಎದುರಾಗಿ ಹಿಡಿದು ಬಿಟ್ಟ. ಅದು ಒಂದು ಕ್ಷಣ ನಿಂತು ಹೊರಟುಹೋಯಿತು. ಡಬ್ಬಿಯ ನೊಣಗಳಿಗೆ ಆ ದಿನ ಒಟ್ಟು ಒಂಬತ್ತು ಮೀನು ಬಾಯಿ ಹಾಕಿದವು.

ವಾಪಸಿನ ರೈಲಿನಲ್ಲಿ ಒಂದು ಕೆಟ್ಟ ಯೋಚನೆ ಬಂತು. ಬಚ್ಚಿಡುವುದಿಲ್ಲ. ಕ್ಯಾಂಪಿನವರು ಡಿಸೈನ್ ಬದಲಾಯಿಸಿದ್ದಾರೆ, ಇನ್ನು ಮೇಲೆ ಮೂರು ಸುತ್ತಂತೆ ಎಂದು ಹೇಳಿದರೆ ಮುಗಿಯಿತು. ಯಾರೂ ಕೇಳುವವರಿಲ್ಲ, ನನ್ನ ಟಿಕ್ಕಿಗೂ ಧಕ್ಕೆಯಿಲ್ಲ. ಹಾಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಆಡಿ ನೋಡಿದೆ, ಸರಾಗವಾಗಿಯೇ ಬಂತು. ಆದರೆ ಹಾಗೆ ಹೇಳಿದರೆ ಖಾಲಾ ಮೂಲೆಯ ಸ್ಟೂಲಿನಲ್ಲೇ ಉಳಿಯುತ್ತಿದ್ದರು, ಆರ್ಡರ್ ಮುಗಿದ ಮೇಲೆ ಮನೆಗೂ ಹೋಗುತ್ತಿದ್ದರು. ಯಶವಂತಪುರ ಬರುವ ಹೊತ್ತಿಗೆ ಆ ಸುಳ್ಳನ್ನು ಕೈಬಿಟ್ಟಿದ್ದೆ.

ಕೋಣೆಗೆ ಹೋದವಳೇ ಗೋಡೆಯ ಚಿತ್ರ ಕಿತ್ತು ಹರಿದೆ. ಡಬ್ಬಿಯನ್ನು ಮೇಜಿನ ನಡುವೆ ತೆರೆದಿಟ್ಟೆ. "ಮಾದರಿ ಹೊಸದೇ ಇತ್ತು. ಲೆಕ್ಕ ತಪ್ಪಿದ್ದು ನಂದು. ಖಾಲಾ ಕಟ್ಟಿದ್ದೇ ಸರಿ. ಇನ್ನ ಮ್ಯಾಲ ಎಲ್ಲಾರೂ ಅವರ ಕೈ ನೋಡಿ ಕಟ್ರಿ" ಎಂದೆ. ಮಾಲಕಿ ನನ್ನ ಮುಖವನ್ನೂ ಡಬ್ಬಿಯನ್ನೂ ನೋಡಿ, "ಖಾಲಾ, ಬನ್ನಿ, ನಿಮ್ಮ ಜಾಗಕ್ಕೆ ಬನ್ನಿ" ಎಂದು ಕುರ್ಚಿ ಎಳೆದರು. ಖಾಲಾ ಬಂದು ಕೂತರು. ಇಕ್ಕಳದ ತಿರುಪು ಬಿಗಿದರು. ನನ್ನ ಕಡೆ ನೋಡಲಿಲ್ಲ.

ತುಂಬಿಯೇ ಅಭ್ಯಾಸವಾದ ಕೈಗಳಿಗೆ ಖಾಲಿ ಬಿಡುವುದು ಸುಲಭದ ಕೆಲಸವಲ್ಲ. ಮೂರು ಸುತ್ತಾದ ಮೇಲೂ ಬೆರಳು ತಾನಾಗಿ ನಾಲ್ಕನೆಯದಕ್ಕೆ ಹೋಗುತ್ತಿತ್ತು. ಖಾಲಾ ಒಬ್ಬೊಬ್ಬರ ಮಣಿಕಟ್ಟು ಹಿಡಿದು "ಬಸ್, ಬಸ್" ಎಂದು ತಡೆದು ಕಲಿಸಿದರು. ನಾಲ್ಕು ದಿನದಲ್ಲಿ ಮುನ್ನೂರು ಮುಗಿಸಿ ಕೊರಿಯರಿಗೆ ಕೊಟ್ಟೆವು. ಆ ನಾಲ್ಕೂ ದಿನ ಖಾಲಾ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಶಾಲನ್ನು ಒಗೆದು ಮಡಿಸಿ ಕೊಟ್ಟೆ. ತೆಗೆದುಕೊಂಡರು, ಚೀಲಕ್ಕೆ ಹಾಕಿದರು. ಕೊಕ್ಕೆ ಸಿಕ್ಕಿ ಹರಿದಿದ್ದ ಎರಡು ಕಡೆ ನಾನು ರಫೂ ಹಾಕಿದ್ದೆ, ಅದನ್ನೂ ಕೇಳಲಿಲ್ಲ.

ಉತ್ತರ ಬಂದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿಗಳನ್ನು ಮುಚ್ಚುವ ಹೊತ್ತಿಗೆ. ಗೈಡ್ ಒಂದು ಫೋಟೋ ಕಳಿಸಿದ್ದ. ಒದ್ದೆ ಕೈಯಲ್ಲಿ ಟ್ರೌಟ್, ಬಾಯಿಯ ಮೂಲೆಯಲ್ಲಿ ಬೂದು ನೊಣ. ಕೆಳಗೆ, ಉಳಿದದ್ದನ್ನೂ ಹೀಗೇ ಕಳಿಸಿ, ಮುಂದಿನ ಹಂಗಾಮಿಗೂ ನೀವೇ ಎಂದು ಬರೆದಿತ್ತು. ಮಾಲಕಿ ಅದನ್ನು ಓದಿ ಹೇಳಿದಾಗ ಮೇಜು ಚಪ್ಪಾಳೆ ತಟ್ಟಿತು. ನಾನು ಫೋನ್ ಹಿಡಿದು ಖಾಲಾ ಹತ್ತಿರ ಹೋದೆ. ಅವರು ಅದನ್ನು ಇಸಿದುಕೊಂಡು, ತೋಳು ಚಾಚಿ ದೂರ ಹಿಡಿದು, ಬಹಳ ಹೊತ್ತು ನೋಡಿದರು.

"ಆವತ್ತು ನೀನು ಕಣ್ಣು ಕಾಣಲ್ವಾ ಅಂದೆ ನೋಡು" ಎಂದರು, ಫೋಟೋದಿಂದ ಕಣ್ಣು ತೆಗೆಯದೆ. "ಮನೆಗೆ ಹೋಗಿ ಹತ್ತು ಸೂಜಿ ತಗೊಂಡೆ. ಸಣ್ಣ ಸೂಜಿ, ಮಣಿ ಹಾಕೋದು. ದಾರ ಪೋಣಿಸ್ದೆ. ಹತ್ತೂ ಒಂದೇ ಸಲಕ್ಕೆ ಹೋಯ್ತು. ಆದ್ರೂ ನೀನ್ ಹೇಳಿದ್ದೇ ನಿಜ ಇರ್ಬೇಕು ಅನ್ಕೊಂಡೆ ಕಣಮ್ಮಾ. ಚೆಕಿಂಗ್‌ನವಳು ಸುಮ್ಸುಮ್ನೆ ಹೇಳ್ತಾಳಾ ಅಂತ."

ಅಲ್ಲಿಯವರೆಗೆ ಲೆಕ್ಕ ತಪ್ಪಿತು ಎಂದು ಹೇಳಿದ್ದೆನೇ ಹೊರತು ಆ ಮಾತಿಗೆ ನಾನು ಏನೂ ಹೇಳಿರಲಿಲ್ಲ. ಅದು ಆಗಷ್ಟೇ ನನಗೆ ಹೊಳೆಯಿತು. ಬಗ್ಗಿ ಅವರ ಕಿವಿಯ ಹತ್ತಿರ, "ತಪ್ಪಾತ್ರಿ ಖಾಲಾ. ನಿಮ್ಮ ಕಣ್ಣಿಗೆ ಹಂಗ ಅನ್ನಬಾರದಿತ್ತು" ಎಂದೆ.

ಖಾಲಾ ಫೋನ್ ವಾಪಸು ಕೊಟ್ಟು, ಇಕ್ಕಳಕ್ಕೆ ಹೊಸ ಕೊಕ್ಕೆ ಸಿಕ್ಕಿಸಿದರು.

"ಜೋರಾಗಿ ಹೇಳು" ಎಂದರು. "ಆವತ್ತು ಜೋರಾಗೇ ಹೇಳಿದ್ದೆ."

ಕೆಳಗೆ ಗಿರಣಿ ಓಡುತ್ತಿತ್ತು. ನಾನು ನೆಟ್ಟಗೆ ನಿಂತು, ಮೇಜಿನ ಕಡೆ ತಿರುಗಿ, ಅದರ ಮೇಲೂ ಕೇಳುವಂತೆ ಹೇಳಿದೆ.